ಆಯಿಲ್ ಕುಡಿಯುವ ಕಾರು

ಬಿಜೈ, ಮಂಗಳೂರು
ಶನಿವಾರ, 6 ಡಿಸೆಂಬರ್ 2025

ಪ್ರೀತಿಯ ಶೋಭಿತ್,

ಹೇಗಿದ್ದೀರಿ? ಬೆನ್ನಿನ ನೋವು ಕಡಿಮೆಯಾಯಿತೇ? ಎಂಜಿನ್ ರೂಮಿನ ಸೆಕೆಯಿಂದ ನೇರ ಮೇಲೆ ಬಂದು ತಣ್ಣೀರು ಸುರಿದುಕೊಳ್ಳುವ ಅಭ್ಯಾಸ ಬಿಟ್ಟಿದ್ದೀರೆಂದು ಭಾವಿಸುತ್ತೇನೆ. ಭಾವಿಸುತ್ತೇನೆ ಅಷ್ಟೆ, ಬಿಟ್ಟಿರಲಿಕ್ಕಿಲ್ಲ ಎಂದೂ ಗೊತ್ತು. ಹಡಗಿಗೆ ಹೊಸ ಅಡುಗೆಯವನು ಬಂದಿದ್ದಾನೆ, ಅನ್ನ ಅಂಟಂಟಾಗಿರುತ್ತದೆ ಎಂದು ಅಮ್ಮನ ಹತ್ತಿರ ಹೇಳಿದಿರಂತೆ, ಮಾಮಿಯೇ ನನಗೆ ಹೇಳಿದರು. ಅದಕ್ಕೇ ಡೆರಿಲ್ ಕೈಯಲ್ಲಿ ಕೋರಿರೊಟ್ಟಿ, ಒಣ ಸಿಗಡಿಯ ಚಟ್ನಿ, ಮಾವಿನ ಮಿಡಿಯ ಉಪ್ಪಿನಕಾಯಿ ಕಳಿಸುತ್ತಿದ್ದೇನೆ. ಡೆರಿಲ್ ಅಂದರೆ ಕುಲಶೇಖರದವನು, ಸಿಂಗಾಪುರದಲ್ಲಿ ನಿಮ್ಮ ಹಡಗು ಹತ್ತುವ ಹೊಸ ಫೋರ್ತ್ ಎಂಜಿನಿಯರ್. ನಿನ್ನೆ ಅವನಾಗಿಯೇ ಮನೆಗೆ ಬಂದು, ಶೋಭಿತ್ ಸರ್‌ಗೆ ಏನಾದರೂ ಕೊಡುವುದು ಉಂಟಾ ಎಂದು ಕೇಳಿದ. ಒಳ್ಳೆಯವನ ಹಾಗೆ ಕಂಡ. ಮೊದಲ ವಾರ ಅವನಿಗೆ ಬೈಯಬೇಡಿ.

ಕ್ಷೇಮ ಸಮಾಚಾರವನ್ನು ಫೋನಿನಲ್ಲೇ ಕೇಳಬಹುದಿತ್ತು, ಕಾಗದ ಯಾಕೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಒಮ್ಮೆ ನಿಮ್ಮ ಹಡಗಿನ ನೆಟ್ ಹೋಗುತ್ತದೆ, ಒಮ್ಮೆ ನಿಮ್ಮ ತಾಳ್ಮೆ ಹೋಗುತ್ತದೆ. ಮನೆಯಲ್ಲಿ ನಾವು ತುಳುವಿನಲ್ಲಿ ಮಾತಾಡುವವರಾದರೂ ಬರೆಯುವುದಕ್ಕೆ ನನಗೆ ಕೈ ಓಡುವುದು ಕನ್ನಡದಲ್ಲೇ. ಕನ್ನಡದಲ್ಲಿ ಬರೆದರೆ ಸ್ವಲ್ಪ ದೂರ ನಿಂತು ಮಾತಾಡಿದ ಹಾಗಿರುತ್ತದೆ, ಜಗಳದ ಧ್ವನಿ ಬರುವುದಿಲ್ಲ. ಇದನ್ನು ಡ್ಯೂಟಿ ಮುಗಿಸಿ, ಊಟ ಮಾಡಿ, ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಓದಿ. ಮಧ್ಯದಲ್ಲಿ ಕೋಪ ಬಂದರೆ ಮಡಚಿಟ್ಟು ಮತ್ತೆ ಓದಿ. ಕೊನೆಯವರೆಗೆ ಓದಿದರೆ ಸಾಕು.

ಮಾಮಿ ಚೆನ್ನಾಗಿದ್ದಾರೆ. ಸೊಂಟದ ಆಪರೇಷನ್ ಆದ ಮೇಲೆ ಈಗ ವಾಕರ್ ಬಿಟ್ಟು ಕೋಲು ಹಿಡಿದು ನಡೆಯುತ್ತಾರೆ. ಮೆಟ್ಟಿಲು ಮಾತ್ರ ಆಗುವುದಿಲ್ಲ, ಕಾಲು ಎತ್ತಿ ಇಡಲು ಬರುವುದಿಲ್ಲ. ಲಿಫ್ಟ್ ಕೆಟ್ಟ ದಿನ ಇಬ್ಬರೂ ಮೂರನೇ ಮಾಳಿಗೆಯಲ್ಲೇ. ಸಂಜೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಟ್ಟರೆ ಕೆಳಗಿನ ಬಸ್ಸುಗಳ ಹೆಸರು ಓದುತ್ತಾ ಕೂರುತ್ತಾರೆ. ನಾನು ಅಡುಗೆಮನೆಯಿಂದ ಹೂಂ ಹೂಂ ಅನ್ನುತ್ತೇನೆ. ನಮ್ಮ ದಿನ ಹೀಗೇ ಕಳೆಯುತ್ತದೆ. ದೂರು ಅಲ್ಲ ಇದು. ಮಾಮಿ ಬಿದ್ದಾಗ ನೀವು ಸಮುದ್ರದಲ್ಲಿದ್ದಿರಿ, ಯಾರಾದರೂ ಮನೆಯಲ್ಲಿರಬೇಕಿತ್ತು, ನಾನು ಕೆಲಸ ಬಿಟ್ಟೆ. ಆಗ ಅದು ಸರಿಯಾಗಿಯೇ ಇತ್ತು. ಮಾಮಿ ನಡೆಯುವಂತಾದ ಮೇಲೆ ಮತ್ತೆ ಹೋಗಲಾ ಎಂದು ಕೇಳಿದೆ. ನೀವು ಬೇಡ ಅಂದಿರಿ. ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ.

ನಿಮಗೆ ನೆನಪಿದೆಯೋ ಇಲ್ಲವೋ. ನಮ್ಮ ಮದುವೆಯ ಮಾತುಕತೆಯಾದ ದಿನ ಹಿರಿಯರೆಲ್ಲ ಒಳಗೆ ಊಟಕ್ಕೆ ಕೂತಾಗ ನೀವು ಹೊರಗೆ ಬಂದು, ಬೈಕಂಪಾಡಿಯ ಆ ಆಯಿಲ್ ಲ್ಯಾಬಿನಲ್ಲಿ ದಿನವಿಡೀ ಎಂತ ಮಾಡುವುದು ಎಂದು ಕೇಳಿದಿರಿ. ಗಾಜಿನ ನಳಿಗೆಯಲ್ಲಿ ಎಣ್ಣೆ ಎಷ್ಟು ಹೊತ್ತಿಗೆ ಕೆಳಗಿಳಿಯುತ್ತದೆ ಎಂದು ನೋಡಿ ಅದರ ದಪ್ಪ ಅಳೆಯುವುದನ್ನು ನಾನು ಹೇಳುತ್ತಾ ಹೋದೆ. ಹಡಗಿನ ಎಂಜಿನಿಯರಿಗೆ ಇದೆಲ್ಲ ಗೊತ್ತೇ ಇರುತ್ತದೆಂದು ನಡುವೆ ನಾಚಿಕೆಯಾಯಿತು, ಆದರೆ ನೀವು ಮಧ್ಯೆ ಬಾಯಿ ಹಾಕಲಿಲ್ಲ. ನಾವು ಹಡಗಿನಿಂದ ಸ್ಯಾಂಪಲ್ ಕಳಿಸುತ್ತೇವೆ, ಅದು ಹೋಗುವ ಜಾಗದಲ್ಲಿ ಯಾರಿರುತ್ತಾರೆಂದು ಯೋಚಿಸಿಯೇ ಇರಲಿಲ್ಲ ಅಂದಿರಿ. ಅದಕ್ಕೇ ನಾನು ಒಪ್ಪಿದ್ದು. ನಿಮ್ಮ ಸಂಬಳಕ್ಕಾಗಲೀ ಬಿಳಿ ಯೂನಿಫಾರ್ಮಿನ ಫೋಟೋಕ್ಕಾಗಲೀ ಅಲ್ಲ.

ಇನ್ನು ಕಾರಿನ ವಿಷಯ. ಕಳೆದ ರಜೆಯಲ್ಲಿ ಕೊಚ್ಚಿಯವರೊಬ್ಬರಿಂದ ಆ ಸೆಕೆಂಡ್ ಹ್ಯಾಂಡ್ ಕೆಂಪು ಟರ್ಬೊ ಕಾರು ತಂದಾಗ ನನಗೂ ಖುಷಿಯಾಗಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಪಣಂಬೂರಿನ ರಸ್ತೆಯಲ್ಲಿ ನೀವು ಮೂರನೇ ಗೇರಿನಲ್ಲಿ ಕಾಲು ಒತ್ತಿದಾಗ ನನ್ನ ತಲೆ ಹಿಂದಕ್ಕೆ ಸೀಟಿಗೆ ಅಂಟಿಕೊಂಡಿತು, ಇಬ್ಬರೂ ನಕ್ಕೆವು. ಹೊರಡುವ ಮುಂಚೆ ಇಂಟರ್ನೆಟ್ಟಿನ ಯಾವುದೋ ಗುಂಪಿನವರ ಮಾತು ಕೇಳಿ ಹಳೆಯ ಆಯಿಲ್ ತೆಗೆಸಿ ರೇಸ್ ಕಾರುಗಳ ದಪ್ಪ ಆಯಿಲ್, ಟೆನ್ ಡಬ್ಲ್ಯು ಸಿಕ್ಸ್ಟಿ, ಹಾಕಿಸಿದಿರಿ. ಕ್ಯಾನುಗಳನ್ನು ನಮ್ಮ ಮಂಚದ ಅಡಿಗೆ ಸಾಲಾಗಿ ಇಟ್ಟಿರಿ. ನನಗೆ ನಿಯಮಗಳನ್ನು ಹೇಳಿಕೊಟ್ಟಿರಿ: ಭಾನುವಾರ ಮಾತ್ರ ತೆಗೆಯುವುದು, ಕದ್ರಿಯಿಂದ ಲೇಡಿಹಿಲ್ ಕಡೆಗೆ ಒಂದು ಸುತ್ತು, ಆಚೆ ನಂತೂರು ದಾಟಬಾರದು, ಈಚೆ ಕೊಟ್ಟಾರ ಚೌಕಿ ದಾಟಬಾರದು. ಬಂದ ಮೇಲೆ ಆಯಿಲಿನ ಗೆರೆ ನೋಡುವ ಡಿಪ್‌ಸ್ಟಿಕ್ ಕಡ್ಡಿ ಒರೆಸಿ, ಅದ್ದಿ, ಫೋಟೋ ಕಳಿಸುವುದು. ಗಾಡಿ ಎಲ್ಲಿದೆ ಎಂದು ನಿಮ್ಮ ಫೋನಿನಲ್ಲಿ ಚುಕ್ಕಿ ಕಾಣುವ ಒಂದು ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ಹಾಕಿಸಿದ್ದೂ ನನಗೆ ಗೊತ್ತಿತ್ತು. ಕಳ್ಳರ ಭಯಕ್ಕೆ ಎಂದಿರಿ, ನಂಬಿದೆ.

ಆಮೇಲೆ ಆಯಿಲ್ ಇಳಿಯತೊಡಗಿತು. ಒಂದು ವಾರ ಗೆರೆ ಕೆಳಗೆ, ಮತ್ತೆರಡು ವಾರ ಇದ್ದಲ್ಲೇ, ಒಮ್ಮೊಮ್ಮೆ ಹಿಂದಿನ ವಾರಕ್ಕಿಂತ ಮೇಲೆ. ನಿಮ್ಮ ಅನುಮತಿ ಕೇಳಿ ಮಾಮಿಯನ್ನು ದೂರದ ದೇರಳಕಟ್ಟೆಯ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ದ ವಾರವಂತೂ ಗೆರೆ ಎಂದೂ ಇಲ್ಲದಷ್ಟು ಕೆಳಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಿಂದಿನಿಂದ ನೀಲಿ ಹೊಗೆ. ಮೊದಲು ನೀವು, ಹೇಗೆ ಓಡಿಸ್ತಿದ್ದಿ ಎಂದು ಕೇಳಿದಿರಿ. ನಂತರ, ಯಾರು ಓಡಿಸ್ತಿದ್ದಾರೆ ಎಂದು ಕೇಳಿದಿರಿ. ಗೆರೆ ಮೇಲೆ ಬಂದ ವಾರ, ನನಗೆ ಗೊತ್ತಾಗಬಾರದೆಂದು ನೀನು ತುಂಬಿಸಿಟ್ಟಿದ್ದಿ, ಅಂದಿರಿ. ಮಂಚದಡಿಯ ಕ್ಯಾನುಗಳ ಫೋಟೋ ಕೇಳಿದಿರಿ, ಸೀಲು ಕಾಣುವ ಹಾಗೆ. ನಾನು ನೆಲದ ಮೇಲೆ ಮಲಗಿ, ಕೈ ಚಾಚಿ ಫೋಟೋ ತೆಗೆದೆ. ಬಾಗಿಲಲ್ಲಿ ನಿಂತಿದ್ದ ಮಾಮಿ ಎಂತ ಹುಡುಕ್ತಿದ್ದಿ ಎಂದು ಕೇಳಿದರು. ಜಿರಳೆ ಅಂದೆ. ಅಂದಿನಿಂದ ಭಾನುವಾರದ ಸುತ್ತಿನಲ್ಲೂ ಎಲ್ಲೂ ನಿಲ್ಲಿಸದೆ, ತರಕಾರಿಗೂ ಔಷಧಕ್ಕೂ ನಡೆದೇ ಹೋಗುತ್ತಿದ್ದೆ. ಚುಕ್ಕಿ ಕದಲಿದರೆ ವಿವರ ಕೊಡಬೇಕು, ಕೊಟ್ಟ ವಿವರಕ್ಕೆ ಮತ್ತೊಂದು ವಿವರ ಕೊಡಬೇಕು. ಭಾನುವಾರದ ಫೋಟೋಕ್ಕೆ ಶುಕ್ರವಾರದಿಂದಲೇ ಉತ್ತರ ಹೊಂದಿಸಿಡುತ್ತಿದ್ದೆ. ಒಂದು ಲೋಹದ ಕಡ್ಡಿಯಲ್ಲಿ ಎಣ್ಣೆ ಎಲ್ಲಿಯವರೆಗೆ ಅಂಟುತ್ತದೆ ಎನ್ನುವುದರ ಮೇಲೆ ನಾನು ಎಂಥವಳು ಎಂಬುದು ತೀರ್ಮಾನವಾಗುತ್ತಿತ್ತು.

ನನ್ನ ಜೊತೆ ಲ್ಯಾಬಿನಲ್ಲಿದ್ದ ಕಾಟಿಪಳ್ಳದ ನಸೀಬಾ ನಿಮಗೆ ಗೊತ್ತು, ಮದುವೆಗೆ ಬಂದಿದ್ದಳು. ಅವಳು ಈಗಲೂ ಅಲ್ಲೇ ಇದ್ದಾಳೆ. ಅವಳಿಗೆ ಫೋನ್ ಮಾಡಿ ಕಾರಿನ ಲಕ್ಷಣವಷ್ಟೇ ಹೇಳಿದೆ, ಬೇರೆ ಏನೂ ಹೇಳಲಿಲ್ಲ. ಅವಳು, ನಿನಗೆ ಗೊತ್ತಿಲ್ಲದ್ದಾ ಮಾರಾಯ್ತಿ, ಒಂದು ಸ್ಯಾಂಪಲ್ ತಾ ಅಂದಳು. ನಿಜಕ್ಕೂ ನನಗೆ ಗೊತ್ತಿತ್ತು. ಎಣ್ಣೆಗೆ ಏನೋ ಸೇರುತ್ತಿದೆಯೆಂಬ ಸಂಶಯವೂ ಇತ್ತು. ಆದರೆ ಸ್ಯಾಂಪಲ್ ಸರಿಯಾಗಿ ಬರಬೇಕಾದರೆ ಎಂಜಿನ್ ಪೂರ್ತಿ ಬಿಸಿಯಾಗಬೇಕು. ಎಣ್ಣೆಯ ತಳದಲ್ಲಿ ಕೂತದ್ದೆಲ್ಲ ಕಲಸಿಕೊಳ್ಳಬೇಕು. ನಿಮ್ಮ ನಂತೂರಿನ ಒಳಗಿನ ಸುತ್ತಿನಲ್ಲಿ ಅದು ಸಾಧ್ಯವಿಲ್ಲ. ಪಡೀಲಿನಿಂದ ಆಚೆ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋಗಿ, ತಿರುಗಿ ಬರುವಾಗ ಪಡೀಲಿನ ಮೆಕ್ಯಾನಿಕ್ ರೂಬನ್ನನ ಗ್ಯಾರೇಜಿನಲ್ಲಿ ಎಣ್ಣೆ ತೆಗೆಸುವುದೆಂದು ಮನಸ್ಸಿನಲ್ಲೇ ಗೊತ್ತು ಮಾಡಿದೆ. ನಿಮ್ಮನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ. ಬಂದ ಮೇಲೆ ಹೇಳಿದರಾಯಿತು ಅಂದುಕೊಂಡೆ.

ಆ ಭಾನುವಾರ ಮಾಮಿಯನ್ನು ಒಬ್ಬರನ್ನೇ ಬಿಡುವ ಹಾಗಿರಲಿಲ್ಲ, ಕರೆದುಕೊಂಡೇ ಹೋದೆ. ಆ ತಗ್ಗು ಸೀಟಿಗೆ ಅವರನ್ನು ಕೂರಿಸುವುದೇ ಒಂದು ಕೆಲಸ. ಸೀಟಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿ, ಅಡ್ಡ ಕೂರಿಸಿ, ಮೆಲ್ಲ ಜಾರಿಸಿ ಮುಂದಕ್ಕೆ ತಿರುಗಿಸಬೇಕು. ನಂತೂರು ದಾಟುವಾಗ ಒಮ್ಮೆ ಫೋನಿನ ಕಡೆ ನೋಡಿದೆ. ಆದರೆ ಕಣ್ಣೂರು, ಅಡ್ಯಾರ್ ಕಳೆದು ಬಲಗಡೆ ನೇತ್ರಾವತಿ ಕಾಣತೊಡಗಿದಾಗ ಎಂಜಿನಿನ ಸದ್ದೇ ಬದಲಾಯಿತು. ಅಷ್ಟು ದಿನ ಕೆಮ್ಮುತ್ತಿದ್ದದ್ದು ಗಂಟಲು ಬಿಟ್ಟು ಮಾತಾಡಿದ ಹಾಗೆ. ಮಾಮಿ ಕಿಟಕಿಯ ಗಾಜು ಇಳಿಸಿ ತಲೆಯ ಸೆರಗು ತೆಗೆದರು. ಮಾವ ತೀರಿಕೊಂಡ ಮೇಲೆ ಈ ದಾರಿಯಲ್ಲಿ ಬಂದದ್ದೇ ಇಲ್ಲ ಅಂದರು. ಫರಂಗಿಪೇಟೆಯ ಹತ್ತಿರ ರಸ್ತೆ ಬದಿಯಲ್ಲಿ ಎಳನೀರಿನ ರಾಶಿ ಕಂಡು, ಒಂದು ಬೊಂಡ ಕುಡಿಯುವನಾ ಎಂದು ಕೇಳಿದರು. ಗಾಡಿ ಬದಿಗೆ ನಿಲ್ಲಿಸಿ ಬಂದ್ ಮಾಡಿದೆ. ಅವರು ಕೂತಲ್ಲಿಯೇ ಕುಡಿದರು, ಬೊಂಡದೊಳಗಿನ ಎಳೆ ಗಂಜಿಯನ್ನೂ ತಿಂದರು. ಅಷ್ಟು ಸಂತೋಷದಲ್ಲಿ ನಾನು ಅವರನ್ನು ನೋಡಿ ತುಂಬಾ ದಿನವಾಗಿತ್ತು.

ಹೊರಡಲು ಕೀ ತಿರುಗಿಸಿದರೆ ಎಂಜಿನ್ ಹತ್ತಲಿಲ್ಲ. ಸ್ಟಾರ್ಟರ್ ತಿರುಗುತ್ತದೆ, ಬೆಂಕಿ ಹಿಡಿಯುವುದಿಲ್ಲ. ಆಯಿಲ್ ಮುಗಿದು ಬೇರಿಂಗ್ ಹೋಯಿತೆಂದುಕೊಂಡೆ. ಹಾಗಾಗಿದ್ದರೆ ತಿರುಗುವುದೇ ಇಲ್ಲ ಎಂದು ಗೊತ್ತಿದ್ದರೂ ಆ ಹೊತ್ತಿಗೆ ಬುದ್ಧಿ ಕೆಲಸ ಮಾಡಲಿಲ್ಲ. ಬಾನೆಟ್ ತೆಗೆದು ಡಿಪ್‌ಸ್ಟಿಕ್ ನೋಡಿದೆ, ಕೆಳಗಿನ ಗೆರೆಯ ಹತ್ತಿರ ಎಣ್ಣೆ ಇತ್ತು. ಮತ್ತೆ ಬಂದು ಕೂತು ಕೀ ತಿರುಗಿಸುವಾಗ ನಿಮ್ಮ ಫೋನ್ ಬಂತು. ನನ್ನ ಫೋನ್ ಕಾರಿಗೆ ಜೋಡಿಸಿದ್ದೆನಲ್ಲ, ನಿಮ್ಮ ಧ್ವನಿ ಕಾರಿನ ಸ್ಪೀಕರುಗಳಲ್ಲಿ ಬಂತು, ನಾಲ್ಕೂ ಬಾಗಿಲುಗಳಿಂದ. ನೀವು ಸಿಟ್ಟಿನಲ್ಲೂ ಇರಲಿಲ್ಲ. ಫರಂಗಿಪೇಟೆಯಲ್ಲಿ ಎಂತ ಕೆಲಸ ಎಂದು ಕೇಳಿದಿರಿ. ಎಣ್ಣೆ ಬಿಸಿ ಮಾಡಲು ಬಂದೆ ಅಂದೆ. ನೀವು ಸಣ್ಣಗೆ ನಕ್ಕಿರಿ. ಆಮೇಲೆ ಕೇಳಿದಿರಿ:

"ಪಕ್ಕದಲ್ಲಿ ಯಾರಿದ್ದಾರೆ?"

ಪಕ್ಕದಲ್ಲಿದ್ದದ್ದು ನಿಮ್ಮ ಅಮ್ಮ, ಶೋಭಿತ್. ಮಡಿಲಲ್ಲಿ ಬೊಂಡದ ಚಿಪ್ಪು ಹಿಡಿದುಕೊಂಡು ಕೂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದು, ಹೇಳಬೇಡ ಎಂದು ತಲೆಯಾಡಿಸಿದರು. ನಾನು ಸುಮ್ಮನಾದೆ. ನೀವು ಆ ಮೌನಕ್ಕೆ ನಿಮ್ಮದೇ ಅರ್ಥ ಮಾಡಿಕೊಂಡಿರಿ. ಗಾಡಿ ಹತ್ತದ ಹಾಗೆ ಮಾಡಿದ್ದು ನಾನೇ, ಮನೆಗೆ ತಿರುಗಿಸ್ತೇನೆ ಅಂತ ನೀನು ಹೇಳು, ಬಿಡ್ತೇನೆ, ಅಂದಿರಿ. ಆ ಡಬ್ಬಿ ಚುಕ್ಕಿ ತೋರಿಸುವುದು ಮಾತ್ರವಲ್ಲ, ನೀವು ಫೋನಿನಲ್ಲಿ ಒತ್ತಿದರೆ, ಗಾಡಿ ನಿಂತಿರುವಾಗ ಎಂಜಿನಿಗೆ ಪೆಟ್ರೋಲ್ ಹಾಯಿಸುವ ಪಂಪಿನ ಕರೆಂಟನ್ನೂ ಕಡಿಯುತ್ತದೆ ಎಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ. ಹೇಳಬೇಕೆಂದಿದ್ದೆ. ಮನೆಗೇ ಹೋಗ್ತೇನೆ ಬಿಡಿ ಎಂದು ಹೇಳಲು ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ನಿಮ್ಮ ನೆಟ್ ಹೋಯಿತು. ಮತ್ತೆ ಮತ್ತೆ ಫೋನ್ ಮಾಡಿದೆ, ಕರೆ ಹೋಗಲಿಲ್ಲ. ನೀವು ಇಂಡಿಯನ್ ಓಷನ್ ನಡುವೆ, ನಾವು ಹೆದ್ದಾರಿಯ ಬದಿಯಲ್ಲಿ.

ಮಧ್ಯಾಹ್ನದ ಬಿಸಿಲು. ಎಸಿ ಇಲ್ಲ. ಮಾಮಿಗೆ ರಿಕ್ಷಾ ಹತ್ತಲು ಕಾಲು ಬರುವುದಿಲ್ಲ, ಬೊಂಡದವನ ಕಲ್ಲಿನ ಮೇಲೆ ಕೂರಲೂ ಆಗುವುದಿಲ್ಲ. ಕಾರಿನೊಳಗೇ ಕೂತಿರಬೇಕಾಯಿತು. ಬೊಂಡದವನು ತನ್ನ ದೊಡ್ಡ ಕೊಡೆಯನ್ನು ತಂದು ಅವರ ಬಾಗಿಲಿಗೆ ಕಟ್ಟಿಕೊಟ್ಟ. ಮಾಮಿ ನೇರ ಮುಂದೆ ನೋಡುತ್ತಾ ಕೂತಿದ್ದರು, ಲಾರಿಗಳು ಹೋದಾಗಲೆಲ್ಲ ಕಾರು ನಡುಗುತ್ತಿತ್ತು. ನಾನು ಅಳಲಿಲ್ಲ. ಅವರು ಅಳಬಹುದೆಂದು ಹೆದರಿ ನಾನು ಅಳಲಿಲ್ಲ. ಎಷ್ಟೋ ಹೊತ್ತಿನ ನಂತರ ಅವರು, ಹೀಗೆ ಯಾವಾಗಿನಿಂದ ಎಂದು ಮಾತ್ರ ಕೇಳಿದರು. ಕಾರು ಬಂದಾಗಿನಿಂದ ಅಂದೆ. ಆಮೇಲೆ ಯೋಚಿಸಿ, ಅದಕ್ಕಿಂತ ಸ್ವಲ್ಪ ಮುಂಚಿನಿಂದ ಅಂದೆ.

ರೂಬನ್‌ಗೆ ಫೋನ್ ಮಾಡಿದ್ದೆ. ಚರ್ಚಿನಿಂದ ಬಂದು ಊಟಕ್ಕೆ ಕೂತವನು, ಅರ್ಧದಲ್ಲೇ ಎದ್ದು ಸ್ಕೂಟರಿನಲ್ಲಿ ಬಂದ. ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚ್ ಹಿಡಿದು ನೋಡಿ, ಪಂಪಿನ ವಯರ್ ಈ ಡಬ್ಬಿಯ ಮೂಲಕ ಹೋಗಿದೆ, ತಪ್ಪಿಸಿ ನೇರ ಜೋಡಿಸಬಹುದು ಎಂದ. ಆದರೆ ಯಜಮಾನರನ್ನು ಕೇಳ್ಬೇಕಲ್ಲ ಮೇಡಂ, ನಾಳೆ ನನ್ನ ಮೇಲೆ ಬಂದರೆ, ಎಂದ. ಅವನದು ತಪ್ಪಲ್ಲ. ನಾನೂ ಹೌದು ತೆಗೆ ಅನ್ನಲಾರದೆ ನಿಂತೆ. ಬಿಸಿಲಿನಲ್ಲಿ ಬೆಂದು, ನಡುರಸ್ತೆಯಲ್ಲಿ ನಿಂತೂ ನನಗೆ ನಿಮ್ಮ ಒಪ್ಪಿಗೆ ಬೇಕಿತ್ತು. ಅದನ್ನು ನೆನೆದರೆ ಈಗ ನನಗೇ ವಿಚಿತ್ರ ಅನ್ನಿಸುತ್ತದೆ. ಆಗ ಮಾಮಿ ಒಳಗಿನಿಂದ ಹೇಳಿದರು:

"ತೆಗಿ ಮಾರಾಯ. ಕಾರಿನ ಒಳಗೆ ಕೂತದ್ದು ನಾವು."

ಅವನು ವಯರ್ ಜೋಡಿಸಿದ. ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಹಿಂತಿರುಗುವಾಗ ಅವನ ಗ್ಯಾರೇಜಿನಲ್ಲಿ ನಿಲ್ಲಿಸಿ ಸ್ಯಾಂಪಲನ್ನೂ ತೆಗೆಸಿದೆ, ಬಂದ ಕೆಲಸ ಬಿಡಲಿಲ್ಲ. ಡಬ್ಬಿ ಹಾಗೇ ಇದೆ. ಗಾಡಿ ಎಲ್ಲಿದೆ ಎಂದು ನಿಮಗೆ ಈಗಲೂ ಕಾಣುತ್ತದೆ. ನಿಲ್ಲಿಸಲು ಮಾತ್ರ ಆಗುವುದಿಲ್ಲ.

ಮನೆಗೆ ಬಂದು ಸ್ನಾನ ಮಾಡಿಸುವಾಗ ಮಾಮಿ ನನ್ನ ಕೈ ಹಿಡಿದು ಕೇಳಿಕೊಂಡರು: "ನಾನು ಕೇಳಿಸಿಕೊಂಡೆ ಅಂತ ಅವನಿಗೆ ಹೇಳ್ಬೇಡ. ಅವನಿಗೆ ನನ್ನ ಮುಖ ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ." ಆಗಲಿ ಅಂದೆ. ಒಪ್ಪಿದ ಮೇಲೆ ಗೊತ್ತಾಯಿತು, ನಾನು ಎಂಥ ಕಡೆ ಸಿಕ್ಕಿಹಾಕಿಕೊಂಡೆನೆಂದು. ಪಕ್ಕದಲ್ಲಿ ಯಾರಿದ್ದರೆಂದು ಹೇಳಿದರೆ ಅವರಿಗೆ ನೋವು, ಹೇಳದಿದ್ದರೆ ನಿಮ್ಮ ಮನಸ್ಸಿನಲ್ಲಿ ಇನ್ಯಾರೋ ಒಬ್ಬ ಆ ಸೀಟಿನಲ್ಲಿ ಕೂತೇ ಇರುತ್ತಾನೆ. ಆಮೇಲೆ ನೀವು ನನ್ನ ಹತ್ತಿರ ಮಾತಾಡುವುದನ್ನು ಬಿಟ್ಟಿರಿ. ಅಮ್ಮನಿಗೆ ಫೋನ್, ನನಗೆ ಎರಡು ಶಬ್ದದ ಮೆಸೇಜು, ಆಯಿಲ್ ಲೆವೆಲ್ ಎಂದು. ಪಕ್ಕದ ಕೋಣೆಯಲ್ಲಿ ಅವರು, ಇಬ್ಬರೂ ಚೆನ್ನಾಗಿದ್ದೇವೆ ಮಗ, ಎಂದು ನಿಮಗೆ ಹೇಳುವುದು ಕೇಳಿಸುತ್ತಿತ್ತು. ನಾನು ಫೋಟೋ ಕಳಿಸುತ್ತಿದ್ದೆ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡುತ್ತಿದ್ದೆವು.

ಈ ನಡುವೆ ಒಂದು ದಿನ, ಮಾಮಿಯ ತಂಗಿ, ವಾಮಂಜೂರಿನ ಚಿಕ್ಕಮ್ಮ, ಮನೆಗೆ ಬಂದಿದ್ದಾಗ ಸ್ಯಾಂಪಲ್ ಹಿಡಿದುಕೊಂಡು ಬಸ್ಸಿನಲ್ಲಿ ಬೈಕಂಪಾಡಿಗೆ ಹೋದೆ. ಲ್ಯಾಬಿನ ಬಾಗಿಲು ತೆಗೆದ ಕೂಡಲೇ ಆ ಬಿಸಿ ಎಣ್ಣೆಯ ವಾಸನೆ. ನಸೀಬಾ ಏನೂ ಹೇಳದೆ ತನ್ನ ಕೋಟನ್ನೇ ಬಿಚ್ಚಿ ಕೊಟ್ಟಳು. ನಾನೇ ನಳಿಗೆಗೆ ತುಂಬಿಸಿದೆ, ನಾನೇ ನೋಡಿದೆ. ಸಿಕ್ಸ್ಟಿ ಎಂದು ನೀವು ಹಾಕಿಸಿದ ಎಣ್ಣೆ ನೀರಿನಂತೆ ಇಳಿಯಿತು. ಅಷ್ಟು ದೂರ ಓಡಿದ ಮೇಲೂ ಅದರಲ್ಲಿ ತುಂಬ ಪೆಟ್ರೋಲ್ ಉಳಿದಿತ್ತು. ಸಣ್ಣ ಸಣ್ಣ ಸುತ್ತು, ಎಂಜಿನ್ ಬಿಸಿಯಾಗುವ ಮೊದಲೇ ಬಂದ್. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲಿನಲ್ಲಿ ಸೇರುತ್ತಾ ಬಂದಿದೆ. ಅದಕ್ಕೇ ಗೆರೆ ಮೇಲೆ ಬಂದದ್ದು. ದೇರಳಕಟ್ಟೆಗೆ ಹೋದ ವಾರ ಎಂಜಿನ್ ಕಾದು ಆ ಪೆಟ್ರೋಲ್ ಆವಿಯಾಯಿತು, ಅದಕ್ಕೇ ಗೆರೆ ಅಷ್ಟು ಕೆಳಗೆ. ನಾನು ಕದ್ದು ತುಂಬಿಸಲೂ ಇಲ್ಲ, ಯಾರೂ ಕದ್ದು ಓಡಿಸಲೂ ಇಲ್ಲ. ಇದು ನಿಮಗೆ ತಿಳಿಯದ್ದಲ್ಲ. ಹಡಗಿನ ಎಂಜಿನ್ ಹೀಗೆ ಮಾಡಿದ್ದರೆ ಮೊದಲ ದಿನವೇ ಸ್ಯಾಂಪಲ್ ಕಳಿಸುತ್ತಿದ್ದಿರಿ. ಇಲ್ಲಿ ನಾನಿದ್ದೆ, ಅದಕ್ಕೆ ನೀವು ಎಂಜಿನ್ ಬಿಟ್ಟು ನನ್ನನ್ನು ಪರೀಕ್ಷೆ ಮಾಡಿದಿರಿ. ಈ ವಾಕ್ಯ ಬರೆಯಲು ನನಗೆ ತುಂಬಾ ಹೊತ್ತು ಹಿಡಿಯಿತು.

ನಿಜವಾಗಿ ಖರ್ಚಾಗುವ ಆಯಿಲಿನ ಕಾರಣವೂ ಸಿಕ್ಕಿತು. ರೂಬನ್ ಮೊದಲು ಪಿಸ್ಟನ್ ರಿಂಗ್ ಹೋಗಿರಬೇಕು, ಎಂಜಿನ್ ಬಿಚ್ಚಬೇಕು ಎಂದ. ಒಮ್ಮೆ ಸ್ಟಾರ್ಟಿನಲ್ಲಿಟ್ಟು ಆಯಿಲಿನ ಮುಚ್ಚಳ ತೆಗೆದು ನೋಡುವ ಅಂದೆ. ಮುಚ್ಚಳ ಒಳಕ್ಕೆ ಎಳೆದುಕೊಂಡು ಕೈಗೇ ಬರಲಿಲ್ಲ. ಎಂಜಿನಿನ ಒಳಗಾಳಿಯನ್ನು ಹೊರಬಿಡುವ ಬ್ರೀದರ್ ವಾಲ್ವಿನ ರಬ್ಬರ್ ಹರಿದು, ಎಂಜಿನ್ ತನ್ನ ಆಯಿಲನ್ನು ತಾನೇ ಗಾಳಿಯ ಜೊತೆ ಹೀರಿಕೊಂಡು ಉರಿಸುತ್ತಿತ್ತು. ರಿಂಗಿನ ಲೆಕ್ಕ ತಪ್ಪಿತು ಎಂದು ರೂಬನ್ ಕೂಡ ನಕ್ಕ. ಅದನ್ನು ಬದಲಾಯಿಸಿದ್ದಾಯಿತು. ಮಂಚದಡಿಯ ಕ್ಯಾನುಗಳನ್ನು ಮುಟ್ಟಲಿಲ್ಲ. ಕಾರಿನ ಕೈಪಿಡಿಯಲ್ಲಿ ಹೇಳಿದ ಮಾನ್ಯತೆ ಇರುವ, ಅದಕ್ಕಿಂತ ತೆಳುವಾದ ಫೈವ್ ಡಬ್ಲ್ಯು ಫಾರ್ಟಿ ಹಾಕಿಸಿದೆ. ದಪ್ಪ ಎಣ್ಣೆ ರೇಸ್ ಟ್ರ್ಯಾಕಿನಲ್ಲಿ ಕಾದು ಕೆಂಪಾಗುವ ಎಂಜಿನಿಗೆ. ಬಿಜೈಯಲ್ಲಿ ಬೆಳಿಗ್ಗೆ ತಣ್ಣಗೆ ಎದ್ದ ಈ ಟರ್ಬೊಗೆ ಅದು ಬೇಗ ಮುಟ್ಟುವುದೇ ಇಲ್ಲ. ನಿಮ್ಮ ಹಡಗಿನಲ್ಲಿ ಸಿಲಿಂಡರ್ ಆಯಿಲನ್ನು ಉರಿದುಹೋಗಲೆಂದೇ ಕೊಡುತ್ತೀರಿ, ಇಲ್ಲಿ ಅದು ಒಳಗೇ ಸುತ್ತುತ್ತಾ ಉಳಿಯಬೇಕು. ಇನ್ನೂ ಒಂದು. ಇಂಥ ಕಾರು ಸ್ವಲ್ಪ ಆಯಿಲ್ ಕುಡಿದೇ ಕುಡಿಯುತ್ತದೆ. ಆಗಾಗ ನೋಡಿ ತುಂಬಿಸಬೇಕು, ಅಷ್ಟೆ. ಅದಕ್ಕೆ ಯಾರನ್ನೂ ಹಿಡಿದು ಕೇಳಬೇಕಾಗಿಲ್ಲ. ಈಗ ಬೆಳಿಗ್ಗೆ ಹೊಗೆಯಿಲ್ಲ. ಗೆರೆ ನಿಂತಲ್ಲಿಯೇ ನಿಂತಿದೆ. ಫೋಟೋ ಕಳಿಸುವುದನ್ನು ನಿಲ್ಲಿಸಿದ್ದೇನೆ, ನೀವು ಗಮನಿಸಿರಬಹುದು.

ಆ ದಿನ ಲ್ಯಾಬಿನಲ್ಲಿ ಜಾರ್ಜ್ ಸರ್ ಸಿಕ್ಕಿದರು. ಅದೇ ನಮ್ಮ ಹಳೆಯ ಮುಖ್ಯಸ್ಥರು, ಕನ್ನಡಕ ಹಣೆಯ ಮೇಲಿಟ್ಟು ಕನ್ನಡಕ ಹುಡುಕುವವರು. ನನ್ನ ಜಾಗಕ್ಕೆ ಬಂದವರು ಬಿಟ್ಟುಹೋದರಂತೆ, ಬರ್ತೀಯಾ ಎಂದು ಕೇಳಿದರು. ಆಗುವುದಿಲ್ಲ ಸರ್, ಮನೆಯಲ್ಲಿ ಮಾಮಿ ಇದ್ದಾರೆ ಅಂದೆ. ಬಸ್ಸಿನಲ್ಲಿ ಬರುವಾಗ ಕೂಳೂರು ಸೇತುವೆಯ ಮೇಲೆ ನನಗೆ ತಿಳಿಯಿತು, ನಾನು ಮಾಮಿಯ ಹೆಸರನ್ನು ಹೇಳಿದೆ, ಆದರೆ ಕಾರಣ ಅವರಲ್ಲ ಎಂದು. ಮನೆಗೆ ಬಂದು ಅದನ್ನು ಅವರಿಗೂ ಹೇಳಿಬಿಟ್ಟೆ. ಅವರು ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದರು, ಕೈ ನಿಲ್ಲಿಸಿದರು. ಊಟ ಮುಗಿಸಿದರು. ಕೈ ತೊಳೆದು ಬಂದು ಹೇಳಿದರು: "ಆ ದಿನದ್ದು ಹೇಳ್ಬೇಡ ಅಂದೆನಲ್ಲ, ಅದನ್ನು ವಾಪಸ್ ತೆಗೊಳ್ತೇನೆ. ಬರಿ. ಫೋನಿನಲ್ಲಿ ಅವನು ಕೇಳ್ಲಿಕ್ಕಿಲ್ಲ. ಅವನಿಗೆ ನಾಚಿಕೆ ಆಗ್ತದೆ, ಆಗಲಿ." ಹಾಗಾಗಿ ಇದು.

ನಿಮ್ಮನ್ನು ಕೆಟ್ಟವರೆಂದು ನಾನು ಭಾವಿಸಿಲ್ಲ. ಸುತ್ತಲೂ ನೀರಿರುವ ಕಡೆ ತಿಂಗಳುಗಟ್ಟಲೆ ಇದ್ದು, ಊರಿನಲ್ಲಿ ಎಂತ ಆಗುತ್ತಿದೆಯೆಂದು ಕಾಣದೆ, ಒಂದು ಚುಕ್ಕಿಯನ್ನಾದರೂ ಹಿಡಿದುಕೊಳ್ಳೋಣ ಅನ್ನಿಸಿರಬಹುದು. ಆ ಕಬ್ಬಿಣದ ಕೋಣೆ ಹೇಗಿರುತ್ತದೆಂದು ಒಮ್ಮೆ ವಿಡಿಯೋದಲ್ಲಿ ತೋರಿಸಿದ್ದಿರಿ, ನನಗೆ ಉಸಿರುಗಟ್ಟಿತ್ತು. ಆದರೆ ನಿಮ್ಮ ಉಸಿರು ಕಟ್ಟಿದ್ದಕ್ಕೆ ನಮ್ಮ ಕಿಟಕಿ ಮುಚ್ಚಿದರೆ ನಿಮಗೆ ಗಾಳಿ ಬರುವುದಿಲ್ಲ.

ಮಾಮಿ ಬಾಲ್ಕನಿಯಿಂದಲೇ, ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಲು ಬರೆ ಎನ್ನುತ್ತಿದ್ದಾರೆ. ಅವರ ಆಶೀರ್ವಾದ ಈ ಕಾಗದದ ಜೊತೆಗೇ ಬರುತ್ತಿದೆ, ಕೋಪವೂ ಸ್ವಲ್ಪ ಇದೆ. ಚಿಕ್ಕಮ್ಮ ಕೇಳಿದ್ದಾರೆಂದು ತಿಳಿಸಲು ಹೇಳಿದರು. ಊಟ, ನಿದ್ದೆ ಸರಿಯಾಗಿ ಮಾಡಿ. ಮಳೆ ಗಾಳಿಯಲ್ಲಿ ಡೆಕ್ಕಿಗೆ ಹೋಗುವಾಗ ಜಾಗ್ರತೆ.

ನಿಮ್ಮ
ನಿರೀಕ್ಷಾ

ವಿ.ಸೂ.: ಡೆರಿಲ್ ಕೆಳಗೆ ಬಂದು ಹಾರ್ನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಜಾರ್ಜ್ ಸರ್‌ಗೆ ಆಗುವುದಿಲ್ಲ ಅಂದೆನೆಂದು ಬರೆದೆನಲ್ಲ, ನಿನ್ನೆ ಫೋನ್ ಮಾಡಿ ಬರುತ್ತೇನೆ ಅಂದಿದ್ದೇನೆ. ಸೋಮವಾರದಿಂದ ಕೆಲಸ. ಹಗಲಿಗೆ ಚಿಕ್ಕಮ್ಮ ಬಂದು ಮಾಮಿಯ ಜೊತೆ ಇರುತ್ತಾರೆ, ಅವರಿಬ್ಬರೇ ಮಾತಾಡಿ ಗೊತ್ತು ಮಾಡಿದ್ದು. ನಿಮ್ಮನ್ನು ಕೇಳಲಿಲ್ಲ. ಕೇಳಿದರೆ ನೀವು ಬೇಡ ಅನ್ನುತ್ತೀರಿ, ನಾನು ಸರಿ ಅನ್ನುತ್ತೇನೆ, ಅದು ನನಗೆ ಅಭ್ಯಾಸವಾಗಿಬಿಟ್ಟಿದೆ. ಕಾರಿನಲ್ಲೇ ಹೋಗುತ್ತೇನೆ, ಎಂಜಿನ್ ಬಿಸಿಯಾಗುವಷ್ಟು ದೂರ ಇದೆ. ಬೇಡವೆಂದಾದರೆ ರಜೆಯಲ್ಲಿ ಬಂದಾಗ ಕೀ ತೆಗೆದುಕೊಳ್ಳಿ. ಬೈಕಂಪಾಡಿಗೆ ಬಸ್ಸುಗಳು ಬೇಕಾದಷ್ಟಿವೆ.